ಕಾಲಿಲ್ಲದ ಬೀಗರು

ಸಿಂದಗಿಯ ತಮ್ಮ ಫೋಟೋ ಅಂಗಡಿಯಲ್ಲಿ ಸಿದ್ದಲಿಂಗವ್ವ ಒಂದೊಂದೇ ಫೋಟೋದ ಅಂಚು ಕತ್ತರಿಸಿ, ಹಿಂದೆ ಅಂಟು ಸವರಿ, ಆಲ್ಬಮ್ಮಿನ ಕಪ್ಪು ಹಾಳೆಗೆ ಒತ್ತುತ್ತಿದ್ದಳು. ಹನ್ನೊಂದನೆಯ ಹಾಳೆಗೆ ಬಂದಾಗ ಗಂಡ ಗುರಪ್ಪ ಬೆನ್ನ ಹಿಂದಿನಿಂದ ಬಗ್ಗಿ ನೋಡಿದ.

“ಅಲ್ಲಽ, ಬೀಗರ ಕಾಲೆಲ್ಲಿ ಹೋದುವು?”

“ಕಾಲು ಅಳೂದಿಲ್ಲ, ನಗೂದಿಲ್ಲ. ಅದಕ್ಕಽ ಬಿಟ್ಟೇನಿ.”

ಹದಿನೈದು ದಿನದ ಹಿಂದೆ ಒಂದೇ ಮುಹೂರ್ತಕ್ಕೆ ಎರಡು ಮದುವೆ ಬಂದಿದ್ದವು. ಗುರಪ್ಪ ಹೊಸ ಕ್ಯಾಮೆರಾಕ್ಕೆ ಅಗಲ ಲೆನ್ಸ್ ಹಾಕಿಕೊಂಡು ಬಸವನ ಬಾಗೇವಾಡಿಗೆ ಹೋದ. ಕನ್ನೊಳ್ಳಿಯ ಮಾಳಿಂಗಪ್ಪನ ಮಗಳ ಮದುವೆಗೆ ಹಳೆಯ ಕ್ಯಾಮೆರಾ ಹಿಡಿದು ಹೆಂಡತಿ ಹೋದಳು. “ಎಲ್ಲಾರನ್ನೂ ಸಾಲಾಗಿ ನಿಲ್ಲಸು, ರೆಡಿ ಅನ್ನು, ಒತ್ತು,” ಎಂದು ಅವನು ಹೇಳಿಕೊಟ್ಟಿದ್ದ. ಏಳು ವರ್ಷ ಬಚ್ಚಲಮನೆಯ ಕತ್ತಲಲ್ಲಿ ಗಂಡ ತೆಗೆದ ಫೋಟೋಗಳನ್ನು ತೊಳೆದವಳಿಗೆ ಒಂದು ವಿಷಯ ಗೊತ್ತಾಗಿತ್ತು. ರೆಡಿ ಅಂದ ಕೂಡಲೇ ಜನ ಮಾಸ್ತರರ ಮುಂದೆ ಏಟಿಗೆ ನಿಂತ ಹುಡುಗರಾಗುತ್ತಾರೆ. ಮುಖದಲ್ಲಿ ಜೀವ ಇರುವುದು ಅದಕ್ಕಿಂತ ಮೊದಲು. ಸೊಲ್ಲಾಪುರದಿಂದ ತಂದು ಗಂಡ ಒಮ್ಮೆಯೂ ಮುಟ್ಟದ ಉದ್ದ ಲೆನ್ಸನ್ನು ಅವಳು ಹಚ್ಚಿಕೊಂಡಳು. ಹಂದರದ ಕಂಬಕ್ಕೆ ಆತು ನಿಂತು, ಆಚೆ ತುದಿಯಲ್ಲಿ ಕೂತವರ ಮುಖವನ್ನು ಅವರಿಗೇ ತಿಳಿಯದಂತೆ ಹತ್ತಿರಕ್ಕೆ ಎಳೆದುಕೊಂಡಳು.

“ಇವತ್ತ ಮಾಳಿಂಗಪ್ಪ ಬರ್ತಾನ,” ಅಂದ ಗುರಪ್ಪ. “ಒಪ್ಪಿದ್ರ ಇನ್ನ ಮ್ಯಾಲ ನೀನೂ ಮದವಿಗೆ ಹೋಗು. ಒಪ್ಪಲಿಲ್ಲಂದ್ರ ಲೆನ್ಸು ಸಂಜಿ ಬಸ್ಸಿಗೆ ಸೊಲ್ಲಾಪುರಕ್ಕ, ನೀ ಬಚ್ಚಲಮನಿಗೆ.”

“ಒಪ್ತಾನ ತಗೋರಿ,” ಎಂದು ಅವಳು ಕೊನೆಯ ಫೋಟೋ ಒತ್ತಿದಳು.

ಮಾಳಿಂಗಪ್ಪ ಬಂದ. ಜೊತೆಗೆ ಅವನ ತಾಯಿ ರೇವವ್ವನೂ ಬಂದು ಹೊಸ್ತಿಲಲ್ಲಿ ಕೂತು ಎಲೆ ಅಡಿಕೆ ಬಿಚ್ಚಿದಳು. ಫೋಟೋ ಅಂದರೆ ಪಕ್ಕದ ಅಂಗಡಿಯ ದರ್ಜಿ ಬಂದಗಿಸಾಬ ಸುಮ್ಮನೆ ಕೂರುವವನಲ್ಲ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಒಳಗೆ ನುಗ್ಗಿದ.

ಮಾಳಿಂಗಪ್ಪ ಹಾಳೆ ತಿರುವಿದ. ಮತ್ತೆ ತಿರುವಿದ. ಆಲ್ಬಮ್ಮನ್ನೇ ತಲೆಕೆಳಗು ಮಾಡಿ ನೋಡಿದ.

“ಅಕ್ಕಾರ, ಮದವಿಗಂತ ಕೊಲ್ಲಾಪುರದಿಂದ ಚಪ್ಪಲ ತರಿಸಿದ್ನಿ. ಕಚ್ಚಿ ಕಚ್ಚಿ ಎರಡೂ ಹಿಮ್ಮಡ ಹೋದುವು. ಎಲ್ಲಿ ಅವು?”

“ಮಗಳನ್ನ ಕಳಸೂ ಮುಂದ ನೀವು ಕಣ್ಣು ಒರಸಿಕೊಂಡ್ರೆಲ್ಲ, ಅದು ಬಂದೈತಿ ನೋಡ್ರಿ,” ಅಂದಳು ಸಿದ್ದಲಿಂಗವ್ವ.

“ಚಪ್ಪಲ ಕಚ್ಚಿ ಅತ್ತಿದ್ನಿರಿ ನಾ!”

ಬಂದಗಿಸಾಬ ಬೆರಳು ಮಡಚಿ ಎಣಿಸಿದ. “ಬೀಗರ ತಲಿ ಹನ್ನೆರಡು, ಕಾಲು ಒಂದೂ ಇಲ್ಲ. ಬರೇ ಮಾರಿ ಇರೂ ಫೋಟೋ ಯಾರದು ಮಾಡಸ್ತಾರಪಾ? ಗ್ವಾಡಿಗೆ ತೂಗ ಹಾಕಿ, ಮಾಲಿ ಹಾಕಿ, ಊದಿನಕಡ್ಡಿ ಹಚ್ಚತಾರಲ್ಲ, ಅವರದು!”

ಮಾಳಿಂಗಪ್ಪನ ಕೈಯಿಂದ ಆಲ್ಬಮ್ ಜಾರಿತು. “ಮಗಳ ಮದವ್ಯಾಗ ನನಗ ಮಾಲಿ ಹಾಕಿಸಿದ್ರಿ? ಇಡೀ ಬೀಗರ ಮನಿತನಾನಽ ಸಾಯಿಸಿಬಿಟ್ರಿ?”

ಗುರಪ್ಪ ಗಡಬಡಿಸಿ ತನ್ನ ಬಾಗೇವಾಡಿಯ ಆಲ್ಬಮ್ ತೆರೆದಿಟ್ಟ. ಒಂದೇ ಚಿತ್ರದಲ್ಲಿ ಅರವತ್ತು ಮಂದಿ, ನೂರಿಪ್ಪತ್ತು ಕಾಲು. ಅಗಲ ಲೆನ್ಸಿನ ಗುಣ, ಅಂಚಿಗೆ ನಿಂತ ಬೀಗಿತ್ತಿಯರು ಜೋಳ ತುಂಬಿದ ಚೀಲಗಳಂತೆ ಉಬ್ಬಿದ್ದರು. ಬೈಗುಳ ಬಂದೀತೆಂದು ಸಿದ್ದಲಿಂಗವ್ವ ಕಾದಳು.

“ಇದಕ್ಕ ಅಂತಾರ ಮದವಿ ಫೋಟೋ!” ಮಾಳಿಂಗಪ್ಪನ ಮುಖ ಅರಳಿತು. “ಬೀಗರು ಹೊಟ್ಟಿ ತುಂಬ ಉಂಡಾರಂತ ನೋಡಿದ್ರಽ ತಿಳೀತೈತಿ!”

ಗುರಪ್ಪ ಉದ್ದ ಲೆನ್ಸಿನ ಡಬ್ಬಿ ಹುಡುಕತೊಡಗಿದ.

ಅಷ್ಟರಲ್ಲಿ ರೇವವ್ವ ಕೆಳಗೆ ಬಿದ್ದ ಆಲ್ಬಮ್ಮನ್ನು ತೊಡೆಯ ಮೇಲೆ ಎಳೆದುಕೊಂಡಿದ್ದಳು. ಒಂದು ಹಾಳೆಯ ಮೇಲೆ ಅವಳ ಬೆರಳು ನಿಂತಿತು. ಅಕ್ಕಿಕಾಳು ಬೀಳುವ ಹೊತ್ತಿನ ಚಿತ್ರ ಅದು. ಮುದುಕಿಯೊಬ್ಬಳು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು, ಕೆನ್ನೆಗೆ ಎರಡು ಕಾಳು ಅಂಟಿದ್ದವು.

“ಈಕಿ ಯಾರಽ ಯವ್ವಾ?”

“ನೀವಽ ಆಯಿ.”

ಮುದುಕಿ ಬಹಳ ಹೊತ್ತು ನೋಡಿದಳು. “ನನಗ ಇಷ್ಟ ನಗಾಕ ಬರ್ತೈತಿ ಅಂತ ಗೊತ್ತಽ ಇರಲಿಲ್ಲ,” ಅಂದಳು. ಈ ಮಾತಿಗಾಗಿ ಏಳು ವರ್ಷ ಕಾದದ್ದೂ ಸಾರ್ಥಕ ಅನ್ನಿಸಿತು ಸಿದ್ದಲಿಂಗವ್ವನಿಗೆ.

ರೇವವ್ವ ಮಗನ ಕಡೆ ತಿರುಗಿದಳು. “ಮಾಳ್ಯಾ, ಇದನ್ನ ದೊಡ್ಡದ ಮಾಡಿಸಿ ಕಟ್ಟು ಹಾಕಿಸು. ನಿಮ್ಮಪ್ಪಂದು ಸತ್ತ ಮ್ಯಾಗ ಕುರ್ಚಿಮ್ಯಾಲ ಕುಂಡ್ರಿಸಿ ತಗಸಿದ್ರಿ. ಮೂಗಿನ್ಯಾಗಿನ ಹತ್ತಿ ಇನ್ನೂ ಕಾಣತೈತಿ. ನಾ ಹಂಗ ಕುಂಡ್ರಾಕಿ ಅಲ್ಲ. ನಕ್ಕೋತ ಗ್ವಾಡಿ ಏರ್ತೇನಿ.”

ಬಂದಗಿಸಾಬ ಟೇಪು ಹಾರಿಸುತ್ತ ಸುದ್ದಿ ಹೇಳಲು ಬಜಾರಕ್ಕೆ ಓಡಿದ. ತಾಸಿನೊಳಗೆ ಸಿಂದಗಿಯ ಅರ್ಧಕ್ಕರ್ಧ ಮುದುಕರು ಬಾಗಿಲಲ್ಲಿ ನಿಂತಿದ್ದರು. ಎಲ್ಲರಿಗೂ ಅಕ್ಕಾರ ಕೈಯಿಂದಲೇ ಮಾಲೆಯ ಫೋಟೋ ಬೇಕು, ಬದುಕಿರುವಾಗಲೇ ಬೇಕು. ಗುರಪ್ಪ ಲೆನ್ಸಿನ ಡಬ್ಬಿಯನ್ನು ಮತ್ತೆ ಕಪಾಟಿಗೆ ಸೇರಿಸಿದ. ಗೆದ್ದೆ ಅಂದುಕೊಂಡಳು ಸಿದ್ದಲಿಂಗವ್ವ.

ಮಾಳಿಂಗಪ್ಪ ಹೊರಡುವಾಗ ಗುರಪ್ಪನ ಕೈ ಹಿಡಿದ. “ಸಣ್ಣಾಕಿ ಮದವಿಗೆ ನೀವಽ ಬರಬೇಕ್ರಿ. ಅಕ್ಕಾರು ಬ್ಯಾಡ. ಇನ್ನ ಅವರು ಕ್ಯಾಮೆರಾ ಹಿಡಕೊಂಡ ಹಂದರಕ್ಕ ಬಂದ್ರ, ಯಾರ ಸತ್ತಾರ ಅಂತ ಮಂದಿ ಕೇಳತಾರ.”

ಮಧ್ಯಾಹ್ನದ ಹೊತ್ತಿಗೆ ಗುರಪ್ಪ ಬಾಗಿಲ ಮೇಲೆ ಸುಣ್ಣದಲ್ಲಿ ಬರೆದುಬಿಟ್ಟ: ಮದುವೆಗೆ ಗುರಪ್ಪ, ಮಾಲೆಗೆ ಸಿದ್ದಲಿಂಗವ್ವ.

ಅವಳು ಅದನ್ನು ಓದಿ ಒಳಗೆ ಬಂದಳು. ಪಾಳಿಯ ಮುಂದಿದ್ದ ಮುದುಕ ಕುರ್ಚಿಯಲ್ಲಿ ಕೂತು, ಸೆಟೆದು, ಉಸಿರು ಬಿಗಿಹಿಡಿದ.

“ಇವತ್ತ ಬ್ಯಾಡ ಮುತ್ಯಾ,” ಅಂದಳು. “ನಿಮ್ಮ ಮನ್ಯಾಗ ಮುಂದಿನ ಮದವಿ ಯಾವತ್ತ ಐತಿ?”

“ಬರೂ ಸೋಮವಾರ, ಮೊಮ್ಮಗಳದು. ಯಾಕಽ ಯವ್ವಾ?”

“ಸುಮ್ನ ಕೇಳಿದ್ನಿ.”

ಎರಡನೆಯವನನ್ನೂ ಅದನ್ನೇ ಕೇಳಿದಳು, ಮೂರನೆಯವಳನ್ನೂ. ಮುದುಕರ ಮುಖ ಅರಳುವುದು ಹಂದರದಲ್ಲೇ. ಅಲ್ಲಿಗೇ ಹೋಗಿ ತೆಗೆಯಬೇಕು. ಮಾಲೆಯ ಫೋಟೋಕ್ಕೆ ಬಂದವಳನ್ನು ಯಾರು ತಡೆಯುತ್ತಾರೆ? ಮದುವಣಗಿತ್ತಿ ಮೊಮ್ಮಗಳೂ ಅಲ್ಲೇ ಹತ್ತು ಮಾರು ದೂರದಲ್ಲಿ ಕೂತಿರುತ್ತಾಳೆ; ಉದ್ದ ಲೆನ್ಸಿಗೆ ಅದೇನು ದೂರ?

“ಏನ್ ಲೆಕ್ಕಾ ಹಾಕಾಕತ್ತಿ?” ಎಂದು ಗುರಪ್ಪ ಒಳಗಿನಿಂದ ಕೂಗಿದ.

“ಏನಿಲ್ರಿ,” ಅಂದಳು ಸಿದ್ದಲಿಂಗವ್ವ.