ಡ್ಯಾಶ್‌ಬೋರ್ಡಿನ ದೀಪ ಆರಿಸಬ್ಯಾಡ್ರಿ

ಇವತ್ತಾದರೂ ಯಾರ ಮೇಲೂ ರೇಗಬಾರದು ಎಂದು ದಿನಾ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ದೇವರಿಗೆ ಕೈ ಮುಗಿಯುತ್ತೇನೆ. ಶಟರ್ ಪೂರ್ತಿ ಮೇಲೆ ಹೋಗುವುದರೊಳಗೆ ರೇಗಿಸುವವರು ಬಂದು ನಿಂತಿರುತ್ತಾರೆ. ಬೈಲಹೊಂಗಲದಲ್ಲಿ ನನ್ನದು ಗಾಡಿಗಳ ವೈರಿಂಗ್ ಮಾಡುವ ಅಂಗಡಿ. ಹಾರ್ನ್ ಕೂಗದಿದ್ದರೆ, ಬ್ಯಾಟರಿ ಇಳಿದರೆ ಜನ ನನ್ನ ಹತ್ತಿರ ಬರುತ್ತಾರೆ. ಅಂಥ ಕೆಲಸಕ್ಕೆ ನನಗೆ ಸಿಟ್ಟು ಬರುವುದಿಲ್ಲ. ನನ್ನ ಜೀವ ತಿನ್ನುತ್ತಿರುವುದು ಮೀಟರಿನ ಲೈಟು.

ಯಾರೋ ಪುಣ್ಯಾತ್ಮ ಹಳೆ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿ, ಒಳಗಿನ ಬಲ್ಬ್ ಕಿತ್ತು, ಎಲ್‌ಇಡಿ ಹಾಕುವ ವಿಡಿಯೋ ಮಾಡಿದ್ದಾನೆ. ಅದನ್ನು ನಮ್ಮ ಕಡೆಯ ಜನರೆಲ್ಲ ನೋಡಿದ್ದಾರೆ. ವಿಡಿಯೋದಲ್ಲಿ ಆ ಕೆಲಸ ಒಂದು ಹಾಡು ಮುಗಿಯುವುದರೊಳಗೆ ಮುಗಿಯುತ್ತದೆ. ನಾನು ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಒದ್ದಾಡುತ್ತಿದ್ದರೆ ಮಾಲೀಕ ಮೇಲಿಂದ ಬಗ್ಗಿ ಕೇಳುತ್ತಾನೆ, “ಇನ್ನೂ ಆಗಲಿಲ್ಲೇನ್ರಿ ಮಿಸ್ತ್ರಿ? ವಿಡಿಯೋದಾಗ ಭಾಳ ಲಗೂ ಆತಲ್ರಿ!” ಬಾಯಲ್ಲಿ ಟಾರ್ಚು ಇರುವುದರಿಂದ ಅವನು ಬದುಕಿಕೊಳ್ಳುತ್ತಾನೆ.

ಇದು ಸಾಲದೆಂದು ಒಂದು ಗಾಳಿಸುದ್ದಿ ಬೇರೆ ಹಬ್ಬಿದೆ. ಎಲ್‌ಇಡಿ ಹಾಕಿಸಿದರೆ ಗಾಡಿ ಕೆಡುತ್ತದಂತೆ! ಗಾಡಿ ಮೊದಲೇ ಕೆಟ್ಟಿರುತ್ತದೆ. ಮೀಟರಿನ ಎಚ್ಚರಿಕೆ ದೀಪದ ಸುಟ್ಟುಹೋದ ಹಳೆ ಬಲ್ಬು ಅದನ್ನು ಹೇಳುತ್ತಿರಲಿಲ್ಲ, ಹೊಸ ಲೈಟು ಹೇಳುತ್ತದೆ, ಬೈಸಿಕೊಳ್ಳುವವನು ನಾನು. ನನ್ನ ಕೆಲಸದ ಬೆನ್ನಿಗೆ ಒಂದೇ ಒಂದು ಇಂಜಿನ್ ಜಾಮ್ ಆದರೂ ಸಾಕು, ಕಿತ್ತೂರಿನಿಂದ ರಾಮದುರ್ಗದವರೆಗೆ ನನ್ನ ಹೆಸರು ಮುಗಿದಂತೆ. ಆ ಹೆದರಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಗಿರಾಕಿಗಳನ್ನು ಸಂಭಾಳಿಸಬೇಕು.

೧. ಟವೆಲ್

ಯರಗಟ್ಟಿಯ ಒಬ್ಬ ಕಾಳಿನ ವ್ಯಾಪಾರಿ ಹೆಂಡತಿಯನ್ನು ಕರೆದುಕೊಂಡು ಬಂದ. ಅವನಿಗೆ ನೀಲಿ ಲೈಟು ಬೇಕು, ಆಕೆಗೆ ಹಸಿರು ಬೇಕು. ಇಬ್ಬರೂ ನನ್ನ ಅಂಗಡಿಯ ಮುಂದೆ ನಿಂತು ಮಗಳ ಲಗ್ನಕ್ಕೆ ಸೀರೆ ಆರಿಸಿದ ಹಾಗೆ ವಾದ ಮಾಡಿದರು. ಕೊನೆಗೆ ನಾನೇ ಬೇಸತ್ತು ಬಿಳಿ ಹಾಕಿದೆ. “ಕಡಿಮಿ ಬೆಳಕಿಂದು ಸಾಕ್ರಿ” ಎಂದೆ. “ಛೇ, ಜೋರ್ ಇರೂದ ಹಾಕ್ರಿ. ನಾವೇನು ಬಡವರೇನ್ರಿ?” ಎಂದ.

ಮರುದಿನ ಮತ್ತೆ ಹಾಜರು. ಮೀಟರಿನ ಬೆಳಕು ಮುಂದಿನ ಗಾಜಿನಲ್ಲಿ ಬಿದ್ದು, ಕತ್ತಲಾದ ಮೇಲೆ ರಸ್ತೆಯೇ ಕಾಣುವುದಿಲ್ಲವಂತೆ. ಬೆಳಕು ಕಡಿಮೆ ಮಾಡಲು ತಿರುಗಿಸುವ ಗುಂಡಿ ಇತ್ತು, ಅದರ ಮಾತನ್ನು ಈ ಎಲ್‌ಇಡಿ ಕೇಳುವುದಿಲ್ಲ. ಬದಲಿಸಿ ಕೊಡುತ್ತೇನೆ ಎಂದೆ.

“ಬ್ಯಾಡ್ರಿ, ಅದರ ಮ್ಯಾಲೆ ಟವೆಲ್ ಹೊಚ್ಚೇನಿ” ಎಂದ.

ಬೆಳಕು ಬೇಕೆಂದು ಡ್ಯಾಶ್‌ಬೋರ್ಡ್ ಬಿಚ್ಚಿಸಿ, ನನ್ನ ಸೊಂಟ ಮುರಿಸಿ, ಈಗ ಟವೆಲ್! ನನಗೆ ಮೈಯೆಲ್ಲ ಉರಿಯಿತು. “ಮತ್ತ ಸ್ಪೀಡ್ ಹ್ಯಾಂಗ ನೋಡ್ತೀರಿ?” ಎಂದು ಕೂಗಿದೆ.

“ನೋಡೂದಿತ್ತಂದ್ರ ಹೇಳತೇನ್ರಿ. ನಮ್ಮ ಮನಿಯಾಕಿ ಟವೆಲ್ ಎತ್ತತಾಳ.”

೨. ಬೀಗರ ಮನೆ

ಕಿತ್ತೂರಿನ ನಿವೃತ್ತ ಮಾಸ್ತರರ ಕಾರು ಬಹಳ ಹಳೆಯದು. ಎಡಕ್ಕೂ ಬಲಕ್ಕೂ ಸೇರಿ ಮೀಟರಿನಲ್ಲಿ ಒಂದೇ ಹಸಿರು ಇಂಡಿಕೇಟರ್ ಲೈಟು. ಹಳೆ ಬಲ್ಬಿಗೆ ಕರೆಂಟು ಯಾವ ಕಡೆಯಿಂದ ಬಂದರೂ ನಡೆಯುತ್ತದೆ. ಎಲ್‌ಇಡಿಗೆ ಒಂದೇ ಕಡೆಯಿಂದ ಬರಬೇಕು, ಉಲ್ಟಾ ಆದರೆ ಹತ್ತುವುದಿಲ್ಲ. “ಸರ್, ಇದೊಂದಕ್ಕ ಹಳೇ ಬಲ್ಬ ಇರಲಿ” ಎಂದು ಮೊದಲೇ ಹೇಳಿದೆ. ಕೇಳಲಿಲ್ಲ. ಜೀವಮಾನವಿಡೀ ಬೇರೆಯವರಿಗೆ ಹೇಳಿಯೇ ರೂಢಿಯಾದವರು.

ಹಾಕಿದೆ. ಬಲಕ್ಕೆ ಹತ್ತಿತು, ಎಡಕ್ಕೆ ಹತ್ತಲಿಲ್ಲ. ಹೊರಗಿನ ಲೈಟುಗಳು ಎರಡೂ ಕಡೆ ಸರಿಯಾಗಿಯೇ ಮಿಣುಕುತ್ತಿದ್ದವು. ಆದರೂ ಅವರ ಮುಖ ಸಣ್ಣದಾಯಿತು. ಮತ್ತೆ ಬಿಚ್ಚಿ ತಿರುಗಿಸಿ ಹಾಕಿದೆ. ಈಗ ಎಡಕ್ಕೆ ಹತ್ತಿತು, ಬಲಕ್ಕೆ ಇಲ್ಲ.

“ಹಾಂ, ಈಗ ಬರೋಬ್ಬರಿ ಆತು” ಎಂದು ಮಾಸ್ತರರು ಖುಷಿಯಾದರು.

“ಏನ್ ಬರೋಬ್ಬರಿ ಆತ್ರಿ ಸರ್? ಬಲಕ್ಕ ಹತ್ತವಲ್ದಲ್ಲ!”

“ನಮ್ಮ ಮನಿ ಎಡಕ್ಕ ಐತೆಪಾ.”

ನಾನು ಡ್ಯಾಶ್‌ಬೋರ್ಡ್ ಮುಚ್ಚಿ ಕಳಿಸಿದೆ. ಅದೇ ವಾರ ಮತ್ತೆ ಅಂಗಡಿಯ ಮುಂದೆ ಅವರ ಕಾರು ನಿಂತಿತು. ಇಳಿಯುತ್ತಲೇ ಹೇಳಿದರು, “ಅದನ್ನ ಮತ್ತ ಹೊಳ್ಳಿಸಿ ಹಾಕಿಕೊಡು. ನಾಳಿ ಬೀಗರ ಮನಿಗೆ ಹೋಗೂದೈತಿ.”

೩. ಅಸಲಿ ಮಾಲು

ಇನ್ನೊಬ್ಬನದು ಬೇರೆಯೇ ತಕರಾರು. ಎಲ್‌ಇಡಿ ಹಾಕಿಸಿಕೊಂಡು ಹೋದವನು ಬಾಡಿದ ಮುಖ ಮಾಡಿಕೊಂಡು ಬಂದ. “ಯಾಕೋ ಬ್ಯಾರೇ ಮಂದಿ ಗಾಡಿಯಾಗ ಕುಂತಂಗ ಆಗತೈತ್ರಿ. ಇದರಾಗ ಚಲೋ ಕಂಪನಿದು, ಸ್ವಲ್ಪ ಹಳದಿ ಬರೂದು, ಕಣ್ಣಿಗೆ ತಂಪ ಇರೂದು ಸಿಗತೈತೇನು?”

ನಾನು ಹಲ್ಲು ಕಡಿದುಕೊಂಡು ಒಳಗೆ ಹೋದೆ. ಡಬ್ಬಿಯಲ್ಲಿ ಎತ್ತಿಟ್ಟಿದ್ದ ಅವನದೇ ಹಳೆ ಬಲ್ಬುಗಳನ್ನು ಒರೆಸಿ ತಂದು ಹಾಕಿದೆ. ಹಾಕುವಾಗ ನಿನ್ನವೇ ಬಲ್ಬು ಎಂದು ಹೇಳಿಯೂ ಹೇಳಿದೆ. ಅವನು ಫೋನಿನಲ್ಲಿ ಮಾತಾಡುತ್ತಿದ್ದ, ಕಿವಿಗೆ ಹಾಕಿಕೊಳ್ಳಲಿಲ್ಲ. ಲೈಟು ಹಚ್ಚಿ ನೋಡಿ ತೊಡೆ ತಟ್ಟಿದ.

“ಇದು ನೋಡ್ರಿ ಎಲ್‌ಇಡಿ ಅಂದ್ರ! ಮೊದಲ ಇಂಥಾದ್ದು ಹಾಕೂದು ಬಿಟ್ಟು ಡುಪ್ಲಿಕೇಟ್ ಯಾಕ ಹಾಕಿದ್ರಿ?”

೪. ದೀಪ

ತೊರಗಲ್ ಕಡೆಯ ಒಬ್ಬ ರೈತ ತನ್ನ ತಂದೆ ತೆಗೆದುಕೊಂಡಿದ್ದ ಕಾರು ತಂದ. ಆ ಮಾಡಲ್ಲಿನ ಇಂಜಿನ್ ಈಗ ಗುಜರಿಯಲ್ಲೂ ಸಿಗುವುದಿಲ್ಲ. ಹೋಯಿತೆಂದರೆ ಹೋಯಿತು. ಜೊತೆಗೆ ಅವನ ತಾಯಿ, ಹಣೆ ತುಂಬ ಭಂಡಾರ, ಮಡಿಲಲ್ಲಿ ಒಂದು ಕೈಚೀಲ. ಗಾಡಿಗೆ ಹೊಸದೇನು ಹಾಕಿಸಿದರೂ ಮೊದಲು ಸವದತ್ತಿಯ ಗುಡ್ಡಕ್ಕೆ ಹೋಗಿ ಎಲ್ಲವ್ವನಿಗೆ ತೋರಿಸುವುದು ಅವರ ಮನೆಯ ಪದ್ಧತಿ.

ಮೀಟರ್ ಬಿಚ್ಚಿದರೆ ಆಯಿಲ್ ಲೈಟಿನ ಬಲ್ಬು ಯಾವ ಕಾಲದಲ್ಲೋ ಸುಟ್ಟುಹೋಗಿತ್ತು. ಹೊಸದು ಹಾಕಿದೆ. ಚಾವಿ ತಿರುಗಿಸಿದಾಗ ಕೆಂಪಗೆ ಹತ್ತಿತು, ಇಂಜಿನ್ ಚಾಲೂ ಆದ ಕೂಡಲೇ ಆರಿತು. ಆ ಚಿತ್ರ ನೀವು ನೋಡಿರಬಹುದು, ಮೂತಿಯಿಂದ ಹನಿ ಬೀಳುವ ಎಣ್ಣೆ ಗಿಂಡಿ. ನಾನು ಮಗನಿಗೆ ಒತ್ತಿ ಹೇಳಿದೆ, “ಓಡೂ ಗಾಡಿಯಾಗ ಇದು ಹತ್ತಿತಂದ್ರ ಇಂಜಿನ್ನಿಗೆ ಆಯಿಲ್ ಮುಟ್ಟವಲ್ದು ಅಂತ. ಅಲ್ಲೇ ಬಂದ್ ಮಾಡಿ ನನಗ ಫೋನ್ ಹಚ್ಚರಿ.”

ತಾಯಿ ಮಗ ಗುಡ್ಡದ ದಾರಿ ಹಿಡಿದರು. ನಾನು ಊಟಕ್ಕೆ ಕುಳಿತಾಗ ಅವನ ಫೋನು. “ಮಿಸ್ತ್ರಿ, ದೀಪ ಹತ್ತೇತ್ರಿ.”

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಇಂಜಿನ್ ಬಂದ್ ಮಾಡ್ರಿ!”

“ಗಾಡಿ ನಿಂದ್ರಸೇನ್ರಿ. ಇಂಜಿನ್ ಬಂದ್ ಮಾಡಾಕ ಅವ್ವ ಬಿಡವಲ್ಲಳು.”

ಹಿಂದೆ ಇಂಜಿನ್ನಿನ ಸದ್ದು ಕೇಳುತ್ತಿತ್ತು. ಅದು ನನ್ನ ಎದೆಯ ಮೇಲೇ ಓಡುತ್ತಿತ್ತು. “ಯಾಕ?” ಎಂದು ಅರಚಿದೆ. ಮುದುಕಿ ಮಗನ ಕೈಯಿಂದ ಫೋನು ಕಸಿದುಕೊಂಡಳು.

“ಗುಡ್ಡಕ್ಕ ಹೊಂಟಾಗ ತಾನ ಹತ್ತಿದ ದೀಪ ಐತಿ. ಆರಸು ಅಂತೀಯಲ್ಲೋ ತಮ್ಮಾ, ನಿಮ್ಮನ್ಯಾಗ ದೇವರ ಜಗಲಿ ಐತಿಲ್ಲೋ?”

ಜೀವನದಲ್ಲಿ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಆದರೆ ಬೈಯುತ್ತ ಕೂತರೆ ಇಂಜಿನ್ ಉಳಿಯುವುದಿಲ್ಲ. ನನ್ನ ಹೆಸರೂ ಉಳಿಯುವುದಿಲ್ಲ. ಸಿಟ್ಟು ನುಂಗಿ, ದನಿ ತಗ್ಗಿಸಿ ಹೇಳಿದೆ, “ಅವ್ವಾರ, ಇಂಜಿನ್ ಬಂದ್ ಮಾಡಿ ಚಾವಿ ಅರ್ಧಕ್ಕ ಇಟ್ರ ದೀಪ ಆರೂದಿಲ್ರಿ. ನನ್ನ ಮಕ್ಕಳಾಣಿ.” ಅದು ಸುಳ್ಳೂ ಅಲ್ಲ. ಅತ್ತ ಕಡೆ ಸದ್ದು ನಿಂತಿತು. “ಹೌದಲ್ಲೋ, ಹಂಗ ಐತಿ!” ಎಂದು ಮುದುಕಿಯ ದನಿ ಕೇಳಿತು. ನಾನು ಉಸಿರು ಬಿಟ್ಟೆ.

ಆಯಿಲ್ ಡಬ್ಬಿ ಕಟ್ಟಿಕೊಂಡು ಸವದತ್ತಿ ರಸ್ತೆಯಲ್ಲಿ ಬೈಕು ಓಡಿಸಿದೆ. ದಾರಿಯಲ್ಲಿ ಮತ್ತೆ ಫೋನಿಗೆ ಸಿಕ್ಕ ಮಗನಿಗೆ ಕಾರಣವನ್ನೂ ಹೇಳಿದೆ, “ಎಣ್ಣಿ ಕಡಿಮಿ ಆಗೇತ್ರಿ, ತರಾಕತ್ತೇನಿ.” ಅದನ್ನು ಹೇಳಿದ್ದೇ ತಪ್ಪಾಯಿತು. ನಾನು ಹೋಗುವಷ್ಟರಲ್ಲಿ ಬೇವಿನ ಮರದ ಕೆಳಗೆ ಕಾರಿನ ಬಾನೆಟ್ ತೆರೆದಿತ್ತು, ಇಂಜಿನ್ನಿಗೆ ಆಯಿಲ್ ಸುರಿಯುವ ಬಾಯಿಯ ಮುಚ್ಚಳ ಮಗನ ಕೈಯಲ್ಲಿತ್ತು. ಮುದುಕಿ ಕೈಚೀಲದಿಂದ ಎಲ್ಲವ್ವನ ದೀಪಕ್ಕೆಂದು ತಂದಿದ್ದ ಶೇಂಗಾ ಎಣ್ಣೆಯ ಬಾಟಲಿ ತೆಗೆದು ಬಗ್ಗಿಸುತ್ತಿದ್ದಳು.

“ಏ ಯವ್ವಾ, ಬ್ಯಾಡಾ!” ಎಂದು ಬೈಕು ಅಲ್ಲೇ ಕೆಡವಿ ಓಡಿಹೋಗಿ ಬಾಟಲಿ ಹಿಡಿದೆ. ಒಂದು ಹನಿಯೂ ಒಳಗೆ ಬಿದ್ದಿರಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಮಗನಿಗೆ ಬೈದೆ. ಎಷ್ಟು ದಿನದಿಂದ ಕೆಳಗೆ ಆಯಿಲ್ ಸೋರುತ್ತಿತ್ತೋ, ಒಮ್ಮೆಯಾದರೂ ಬಗ್ಗಿ ನೋಡಿದ್ದೀಯಾ ಎಂದೆ. ತಂದಿದ್ದ ಆಯಿಲ್ ಸುರಿದೆ, ಮುಚ್ಚಳ ಬಿಗಿದೆ, ದೇವರನ್ನು ನೆನೆದು ಚಾವಿ ತಿರುಗಿಸಿದೆ. ಇಂಜಿನ್ ಹೂವಿನಂತೆ ಚಾಲೂ ಆಯಿತು. ಕೆಂಪು ಲೈಟು ಆರಿತು. ಇಂಜಿನ್ ಉಳಿಯಿತು, ಅಂಗಡಿ ಉಳಿಯಿತು. ನನ್ನ ಕಣ್ಣಲ್ಲಿ ನೀರೇ ಬಂತು.

ಮುದುಕಿ ಮುಂದಿನ ಸೀಟಿನಲ್ಲಿ ಕುಳಿತು, ಆರಿದ ದೀಪವನ್ನು ನೋಡಿದಳು, ಖಾಲಿ ಡಬ್ಬಿಯನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

“ಎಣ್ಣಿ ಇಲ್ಲದಾಗ ಹತ್ತತೈತಿ, ಎಣ್ಣಿ ಹಾಕಿದ ಕೂಡ್ಲೆ ಆರತೈತಿ. ತಮ್ಮಾ, ನೀ ಇದನ್ನ ಉಲ್ಟಾ ಹಾಕೀದಿ ನೋಡು!”