ಮನೆಯಲ್ಲೇ ಮಾಡಿದ ಕಾಡತೂಸು

ಈ ಸಲ ಅಡಿಲೇಡಿಗೆ ಹೋಗುವವಳು ನಾನೇ! ಹೋಗುವುದಷ್ಟೇ ಅಲ್ಲ, ನನ್ನ ಕೈಯಾರೆ ಮಾಡಿದ ಕಾಡತೂಸಿನಿಂದಲೇ ಗುರಿಯಿಟ್ಟು ಗೆದ್ದು ಹೋಗುವುದು! ಎರಡು ಸಾವಿರದ ಹದಿನಾಲ್ಕರ ಫೆಬ್ರವರಿಯಲ್ಲಿ, ಪರ್ತ್‌ನ ಮೋರ್ಲಿಯಲ್ಲಿರುವ ನಮ್ಮ ಅಡುಗೆಮನೆಯಲ್ಲಿ, ಸೌಟು ಎತ್ತಿ ಹಿಡಿದು ನಾನು ಹೀಗೆ ಪ್ರತಿಜ್ಞೆ ಮಾಡಿದೆ. ಕೇಳಲು ನನ್ನ ಗಂಡ ನಟರಾಜ್ ಒಬ್ಬರೇ ಇದ್ದರು. ಅವರು ಫೋನಿನಿಂದ ತಲೆ ಎತ್ತಲಿಲ್ಲ. ಅಲ್ಲಿಗೆ ನನ್ನ ಪಿತ್ತ ನೆತ್ತಿಗೇರಿತು.

ಗಾಬರಿಯಾಗಬೇಡಿ. ವನಜಾ ಎಂಬ ನಾನು ಕಾಗದದ ಮೇಲಿನ ಕಪ್ಪು ವೃತ್ತವನ್ನು ಬಿಟ್ಟು ಇನ್ಯಾರ ಮೇಲೂ ಗುಂಡು ಹಾರಿಸಿದವಳಲ್ಲ. ಮೈಸೂರಿನ ಕಾಲೇಜಿನಲ್ಲಿ ಎನ್‌ಸಿಸಿ ಹುಡುಗಿ. ಇಲ್ಲಿಗೆ ಬಂದ ಮೇಲೆ ಸ್ವಾನ್ ವ್ಯಾಲಿ ಆಚೆಯ ರೈಫಲ್ ಕ್ಲಬ್ಬಿಗೆ ಸೇರಿದೆ. ಲೈಸೆನ್ಸ್ ಇದೆ, ಬೀಗ ಹಾಕಿದ ಕಬ್ಬಿಣದ ಬೀರು ಇದೆ. ನಮ್ಮ ಕ್ಲಬ್ಬಿನಲ್ಲಿ, ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೇಸನ್ನು ಯಾರೂ ಬಿಸಾಡುವುದಿಲ್ಲ. ಮನೆಗೆ ತಂದು, ಬೆಳಗಿ, ಮತ್ತೆ ಮದ್ದು, ಗುಂಡು ತುಂಬಿಕೊಳ್ಳುತ್ತಾರೆ. ಬೆಳಗಲು ಅಂಗಡಿಯಲ್ಲಿ ಅಕ್ರೋಟು ಚಿಪ್ಪಿನ ಪುಡಿ ಸಿಗುತ್ತದೆ. ಆ ಪುಡಿಯ ಜೊತೆ ಕೇಸುಗಳನ್ನು ತಿರುಗುವ ಡಬ್ಬದಲ್ಲಿ ಹಾಕಿ ಉರುಳಿಸಬೇಕು. ಕೇಸು ಅದರ ಆಕಾರ ಸರಿಪಡಿಸುವ ಅಚ್ಚಿನಲ್ಲಿ ಸಿಕ್ಕಿಕೊಳ್ಳದಂತೆ ಹೊರಗೆ ಸವರಲು ಒಂದು ಮುಲಾಮೂ ಸಿಗುತ್ತದೆ.

ಅಂಗಡಿಯದು! ನನಗೆ! ಹಿತ್ತಾಳೆ ಬೆಳಗುವುದನ್ನು ನನಗೆ ಹೇಳಿಕೊಡುವವರು ಇನ್ನೂ ಹುಟ್ಟಬೇಕು. ಮೊದಲು ಹುಣಸೆಹಣ್ಣಿನ ಸ್ನಾನ. ಅಕ್ರೋಟಿನ ಬದಲು ಒಣ ರಾಗಿ: ಸಣ್ಣದು, ದುಂಡಗಿನದು, ಮೂಲೆಮೂಲೆಗೂ ನುಗ್ಗುತ್ತದೆ. ಮುಲಾಮಿನ ಬದಲು ಶುದ್ಧ ಹರಳೆಣ್ಣೆ. ಎರಡು ವರ್ಷದಿಂದ ಇದೇ ನನ್ನ ಪದ್ಧತಿ. ಗುರಿ ಅಷ್ಟಾಗಿ ತಾಗುತ್ತಿರಲಿಲ್ಲ, ನಿಜ. ಅದಕ್ಕೆ ಗಾಳಿ ಕಾರಣ. ಗಾಳಿ ಇಲ್ಲದ ದಿನ ರೈಫಲ್ ಕಾರಣ. ಎರಡೂ ಸರಿಯಿದ್ದ ದಿನ ನಟರಾಜ್ ಕಾರಣ.

ಅಡಿಲೇಡಿನ ಅಂತರರಾಜ್ಯ ಪಂದ್ಯಕ್ಕೆ ನಮ್ಮ ತಂಡದಲ್ಲಿ ಒಂದೇ ಒಂದು ಜಾಗ ಉಳಿದಿತ್ತು. ಶನಿವಾರ ಆಯ್ಕೆ. ಅದೇ ವಾರ ಬ್ರಿಸ್ಬೇನ್‌ನಲ್ಲಿ ನನ್ನ ತಂಗಿ ಮಧುರಾಳ ಗೃಹಪ್ರವೇಶ ಬೇರೆ. ಹೊರಡುವ ದಿನ ಬೆಳಿಗ್ಗೆ ಕೇಸುಗಳನ್ನು ಹುಣಸೆ ನೀರಿನಲ್ಲಿ ತೊಳೆದು, ಜಾಲಿಸಿ, ಒಣಗಲು ಹರಡಿದ್ದೆ. ರಾಗಿ ತೆಗೆಯಲು ಗ್ಯಾರೇಜಿನ ಕಪಾಟು ತೆರೆದರೆ, ಹಿಂದೆ ಅಡಗಿ ಕೂತಿತ್ತು ಒಂದು ಪೊಟ್ಟಣ. ಅಕ್ರೋಟು ಪುಡಿ!

"ರೀ! ಏನ್ರೀ ಇದು?"

"ಅದಾ... ಸೇಲ್‌ನಲ್ಲಿತ್ತು. ಒಂದ್ಸಲ ಟ್ರೈ ಮಾಡ್ಲಿ ಅಂತ..."

"ಕದ್ದು ತಂದಿಟ್ಟಿದ್ದೀರಾ? ನನ್ನ ಮನೇಲಿ? ನನ್ನ ರಾಗಿ ಪಕ್ಕದಲ್ಲಿ?"

"ಕದ್ದಿಲ್ಲ ಕಣೇ, ಬಿಲ್ ಇದೆ."

"ಬಿಲ್ ಬೇರೆ ಕೇಡು!"

ಪೊಟ್ಟಣವನ್ನು ಕಸದ ಬುಟ್ಟಿಗೆ ಎಸೆದೆ. ಅದೇ ರಭಸದಲ್ಲಿ ಕೇಸುಗಳನ್ನು ಬಾಚಿ ಡಬ್ಬಕ್ಕೆ ಸುರಿದೆ. ಮೇಲೆ ರಾಗಿ ಸುರಿದೆ. ಗರಗರ ಉರುಳಿಸಿ, ಮುಚ್ಚಳ ತೆಗೆಯದೆ ಹಾಗೇ ಬಿಟ್ಟು ಚೀಲ ಎತ್ತಿಕೊಂಡೆ.

"ಇನ್ನೂ ಒದ್ದೆ ಇತ್ತಲ್ಲ ವನಜಾ" ಎಂದರು ನಟರಾಜ್.

"ನೀವು ಬಾಯಿ ಮುಚ್ಕೊಂಡು ಕಾರ್ ತೆಗೀರಿ!"

ಬ್ರಿಸ್ಬೇನ್‌ನಲ್ಲಿ ಹೋಳಿಗೆ ತಿಂದು, ಕಂಡಕಂಡವರಿಗೆಲ್ಲ ಅಡಿಲೇಡಿನ ಸುದ್ದಿ ಹೇಳಿ, ಶುಕ್ರವಾರ ಸಂಜೆ ಮನೆಗೆ ಬಂದೆ. ಕಾಡತೂಸು ತುಂಬೋಣವೆಂದು ಡಬ್ಬದ ಮುಚ್ಚಳ ತೆಗೆದೆ. ಘಮ್ಮೆಂದು ಮುಗ್ಗಲು ವಾಸನೆ! ರಾಗಿ ನೆನೆದು, ಉಬ್ಬಿ, ಪರ್ತ್‌ನ ಬೇಸಿಗೆಯಲ್ಲಿ ಬೆಚ್ಚಗೆ ಮಲಗಿ ಮೊಳಕೆಯೊಡೆದಿತ್ತು. ಒಂದೊಂದು ಕೇಸಿನ ಬಾಯಿಂದಲೂ ಬಿಳಿ ಮೀಸೆ ಇಣುಕುತ್ತಿತ್ತು.

"ಒಳ್ಳೇ ಮೊಳಕೆ ಕಣೇ" ಎಂದರು ನಟರಾಜ್. "ಒಣಗ್ಸಿದ್ರೆ ಹುರಿಹಿಟ್ಟು ಮಾಡ್ಬೋದು."

"ನಿಮ್ಮಿಂದಾನೇ ಆಗಿದ್ದು ಇದು!"

"ನಾನೇನ್ ಮಾಡ್ದೆ?"

"ಆ ಪೊಟ್ಟಣ ತರದೇ ಇದ್ದಿದ್ರೆ ನಂಗೆ ಕೋಪ ಬರ್ತಿರ್ಲಿಲ್ಲ. ಕೋಪ ಬರದೇ ಇದ್ದಿದ್ರೆ ಕೇಸು ಒಣಗಿರ್ತಿತ್ತು!"

ಹೇರ್‌ಪಿನ್ ಹಿಡಿದು ಕುಕ್ಕಿದೆ, ಕೆದಕಿದೆ, ನಲ್ಲಿಯ ಕೆಳಗೆ ಹಿಡಿದೆ. ಒಳಗೆ ಬೇರು ಬಿಟ್ಟ ರಾಗಿ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅಡಿಲೇಡು ಕೈತಪ್ಪಿತಲ್ಲ ಎಂದು ನಿಜಕ್ಕೂ ಅಳು ಬಂತು. ಅಳುವುದನ್ನು ನಟರಾಜ್ ನೋಡಿಬಿಟ್ಟರಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಶನಿವಾರ ಕ್ಲಬ್ಬಿನಲ್ಲಿ ಕ್ಯಾಪ್ಟನ್ ಆರ್ಥರ್ ಅಂಕಲ್ ಬಾಗಿಲಲ್ಲೇ ಎದುರಾದರು. ಮಂಗಳೂರಿನವರು, ದುಬೈ ಕೆಲಸ ಮುಗಿಸಿ ಇಲ್ಲಿಗೆ ಬಂದವರು.

"ಎಂತ ಮಾರಾಯ್ರೆ, ಕೈ ಖಾಲಿ ಉಂಟಲ್ಲ?"

"ಕೇಸು ಸ್ವಲ್ಪ ಸರಿಯಾಗಿಲ್ಲ ಅಂಕಲ್."

"ಮೊಳಕೆ ಬಂದಿದೆ ಅಂಕಲ್" ಎಂದು ನನ್ನ ಪತಿದೇವರು ಜೇಬಿನಿಂದ ಒಂದನ್ನು ತೆಗೆದು ಕೊಟ್ಟರು. ಸಾಕ್ಷಿಗೆ!

ಆರ್ಥರ್ ಅಂಕಲ್ ಕನ್ನಡಕ ಏರಿಸಿ ನೋಡಿದರು. "ಇದೆಂತದು? ಹಾರಿಸ್ಲಿಕ್ಕಾ, ಬಿತ್ತಲಿಕ್ಕಾ?" ಆಮೇಲೆ ಮೂಸಿದರು. "ಹರಳೆಣ್ಣೆ ಪರಿಮಳ ಬರ್ತದಲ್ಲ?"

"ಎರಡು ವರ್ಷದಿಂದ ಅದೇ ಹಚ್ಚೋದು."

"ಒಳಗೂವಾ?"

"ಒಳಗೂ, ಹೊರಗೂ. ನಾನೇನು ಜಿಪುಣಿ ಅಲ್ಲ!"

ಅವರು ಹಣೆ ಚಚ್ಚಿಕೊಂಡರು. "ಒಳಗೆ ಎಣ್ಣೆ ತಾಗಿದ್ರೆ ಮದ್ದು ಹಾಳಾಗುದಿಲ್ವಾ ಮಾರಾಯ್ರೆ!" ಎಂದು, ಕೌಂಟರಿನಿಂದ ಒಂದು ಹೊಸ ಪೆಟ್ಟಿಗೆ ತಂದು ನನ್ನ ಮುಂದೆ ಇಟ್ಟರು. ಕಾರ್ಖಾನೆಯಲ್ಲಿ ತುಂಬಿದ ಕಾಡತೂಸು.

"ಅಂಗಡೀದಾ? ನಂಗೆ ಬೇಡ!"

"ಹಾಗಾದ್ರೆ ಅಡಿಲೇಡೂ ಬೇಡ ಅಂತ ಆಯ್ತು."

ಪೆಟ್ಟಿಗೆ ಕಿತ್ತುಕೊಂಡೆ. ಮೈಯೆಲ್ಲ ಉರಿಯುತ್ತಿತ್ತು. ಅಕ್ರೋಟಿನ ಮೇಲಿನ ಕೋಪಕ್ಕೆ ಒಂದು, ಆ ಬಿಲ್ಲಿನ ಮೇಲಿನ ಕೋಪಕ್ಕೆ ಒಂದು, ಹುರಿಹಿಟ್ಟಿನ ಮಾತಿಗೆ ಎರಡು ಎಂದು ಹಲ್ಲು ಕಚ್ಚಿ ಹಾರಿಸಿದೆ. ಗಾಳಿ ಎಂದಿನಂತೆಯೇ ಬೀಸುತ್ತಿತ್ತು. ರೈಫಲ್ ಅದೇ. ನಟರಾಜ್ ಕೂಡ ಅವರೇ, ಹಿಂದೆ ಬೆಂಚಿನ ಮೇಲೆ ಕೂತಿದ್ದರು. ಗುರಿಯ ಕಾಗದ ತಂದು ನೋಡಿದರೆ ನಟ್ಟನಡುವೆ ಒಂದೇ ತೂತು! ಎಲ್ಲ ಗುಂಡುಗಳೂ ಅದರಲ್ಲೇ ದಾಟಿದ್ದವು.

ಆರ್ಥರ್ ಅಂಕಲ್ ಕಾಗದವನ್ನು ಎತ್ತಿ ಹಿಡಿದರು. "ವನಜಾ ಅಡಿಲೇಡಿಗೆ ಬರ್ತಾರೆ! ಎರಡು ವರ್ಷದಿಂದ ನಾವೆಲ್ಲ, ಪಾಪ, ಇವರಿಗೆ ಕಣ್ಣು ಕಾಣುದಿಲ್ಲ ಅಂತ ಗ್ರಹಿಸಿದ್ದು. ಕಣ್ಣು ಫಸ್ಟ್ ಕ್ಲಾಸ್ ಉಂಟು! ಹಾಳಾದ್ದು ಇವರ ಅಡಿಗೆ ಮಾತ್ರ!"

ಇದನ್ನು ಮೊದಲು ಕನ್ನಡದಲ್ಲಿ ನನಗೆ ಹೇಳಿದರು, ಆಮೇಲೆ ಇಂಗ್ಲಿಷಿನಲ್ಲಿ ಇಡೀ ಕ್ಲಬ್ಬಿಗೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗಲಿ ಬಿಡಿ. ಆದರೆ ಮದುವೆಯಾದಾಗಿನಿಂದ ನನ್ನ ಅಡುಗೆಯ ಬಗ್ಗೆ ತುಟಿ ಪಿಟಕ್ಕೆನ್ನದ ನನ್ನ ಗಂಡ, ಬೆಂಚಿನಿಂದ ಎದ್ದು ನಿಂತು ಚಪ್ಪಾಳೆ ತಟ್ಟಬೇಕೇ!