ಮೂವತ್ತೆಂಟನೇ ಸಾಲಿನ ಬೆಣ್ಣೆ ಮುದ್ದೆ

"ಈ ವರ್ಷ ನಮ್ಮ ತಂಡ ಉದ್ಧಾರ ಆಗದಿದ್ದರೆ ನನ್ನ ಹೆಸರು ರಸ್ಸೆಲ್ ಹುಡಾಕೇ ಅಲ್ಲ!"

ಹೀಗೆ ಘರ್ಜಿಸಿ ರಸ್ಸೆಲ್ ಅಡುಗೆಮನೆಯ ಮೇಜನ್ನು ಗುದ್ದಿದ ರಭಸಕ್ಕೆ ಕಾಫಿ ಚೆಲ್ಲಿತು. ಹೆಂಡತಿ ಬರ್ನಡೆಟ್ ಒರೆಸುವ ಬಟ್ಟೆ ತಂದಳು.

"ಹಾಗಾದ್ರೆ ಒಳ್ಳೇ ಹೆಸರೊಂದನ್ನ ಹುಡುಕಿಟ್ಟುಕೊಳ್ಳಿ. ಇಪ್ಪತ್ತು ವರ್ಷದಿಂದ ಪ್ರತಿ ಏಪ್ರಿಲ್‌ನಲ್ಲೂ ಇದೇ ಶಪಥ, ಇದೇ ಕಾಫಿ."

ಅಮೆರಿಕದ ಒಹಾಯೋದಲ್ಲಿ, ಸರೋವರದಂಚಿನ ಲೊರೇನ್ ಪಟ್ಟಣದಲ್ಲಿ ನಲವತ್ತು ವರ್ಷ ಮನೆಮನೆಯ ಒಲೆ, ಬಿಸಿಗಾಳಿಯ ಯಂತ್ರ ರಿಪೇರಿ ಮಾಡಿ ನಿವೃತ್ತನಾದ ರಸ್ಸೆಲ್‌ಗೆ ಈಗ ರಿಪೇರಿಗೆ ಉಳಿದಿದ್ದು ಒಂದೇ: ಅವನು ಪ್ರಾಣ ಬಿಡುವ ಅಮೆರಿಕನ್ ಫುಟ್‌ಬಾಲ್ ತಂಡ. ಆ ಚಳಿಗಾಲದಲ್ಲಿ ತಂಡ ಹದಿನೇಳು ಆಟದಲ್ಲಿ ಹದಿನಾಲ್ಕನ್ನು ಸೋತಿತ್ತು. ಬೇರೆಯವರಾಗಿದ್ದರೆ ಸೂತಕ ಆಚರಿಸುತ್ತಿದ್ದರು. ರಸ್ಸೆಲ್ ಮಾತ್ರ ಒಳಗೊಳಗೇ ಅರಳಿದ. ಹೆಚ್ಚು ಸೋತವರಿಗೆ ಡ್ರಾಫ್ಟ್‌ನಲ್ಲಿ ಮೊದಲ ಸರದಿ! ಡ್ರಾಫ್ಟ್ ಎಂದರೆ ಕಾಲೇಜು ಮೈದಾನಗಳಲ್ಲಿ ಬೆಳೆದ ಹುಡುಗರನ್ನು ದೊಡ್ಡ ತಂಡಗಳು ಸರದಿಯ ಪ್ರಕಾರ ವರಿಸುವ ಮೂರು ದಿನದ ಸ್ವಯಂವರ. ಯಾರಿಗೆ ಮಾಲೆ ಹಾಕಬೇಕೆಂದು ತಂಡದವರು ರಸ್ಸೆಲ್‌ನನ್ನು ಕೇಳುತ್ತಿರಲಿಲ್ಲ, ನಿಜ. ಅದು ಅವರ ದುರದೃಷ್ಟ!

ತಂಡಕ್ಕೆ ಬೇಕಾಗಿದ್ದು ಒಬ್ಬ ಒಳ್ಳೆಯ ಲೈನ್‌ಮನ್. ಲೈನ್‌ಮನ್ ಎಂದರೆ ಕಂಬ ಹತ್ತುವವನಲ್ಲ. ಎದುರಾಳಿಗಳು ನುಗ್ಗಿ ಬಂದಾಗ ಕಂಬದ ಹಾಗೆ ನಿಲ್ಲುವವನು. ಅಂಥ ನಲವತ್ತು ಹುಡುಗರ ಹೆಸರನ್ನು ರಸ್ಸೆಲ್ ಒಂದು ಬಿಳಿ ಹಲಗೆಯ ಮೇಲೆ ಬರೆದು, ಊಟದ ಕೋಣೆಯಲ್ಲಿ ಪಿಂಗಾಣಿ ಬೀರುವಿನ ಪಕ್ಕಕ್ಕೇ ನಿಲ್ಲಿಸಿದ್ದ. ಪ್ರತಿ ಹೆಸರಿನ ಮುಂದೆ ಒಂದೊಂದು ಷರಾ. 'ಗೂಳಿ.' 'ಗೂಳಿ, ಆದರೆ ಮಂಡಿ ನೋವು.' ಮೂವತ್ತೆಂಟನೇ ಸಾಲಿನಲ್ಲಿ ಹೀಗಿತ್ತು: 'ಎಲಿಯೆಲ್ ಬ್ರಾಂಟ್ಲಿ. ಬೆಣ್ಣೆ ಮುದ್ದೆ. ಮನೆಯವರು ಮುದ್ದು ಮಾಡಿ ಕೆಡಿಸಿದ್ದಾರೆ.'

ಹಲಗೆಯ ಮೇಲಷ್ಟೇ ಬರೆದು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆ ಹುಡುಗ ಅಭ್ಯಾಸದ ದಿನ ಅಂಗಾತ ಬೀಳುವ ಎಂಟು ಸೆಕೆಂಡಿನ ವಿಡಿಯೋ ಸಮೇತ, 'ಇಗೋ ಬೆಣ್ಣೆ ಮುದ್ದೆ! ಬಿಸಿಲಿಗಿಟ್ಟರೆ ಕರಗುತ್ತದೆ!' ಎಂದು ಅಭಿಮಾನಿಗಳ ಫೇಸ್‌ಬುಕ್ ಗುಂಪಿಗೂ ಹಾಕಿದ್ದ. ಒಂದೇ ದಿನಕ್ಕೆ ಆರುನೂರು ಜನ ನಕ್ಕರು. ಜೀವಮಾನದಲ್ಲಿ ರಸ್ಸೆಲ್‌ನ ಮಾತಿಗೆ ಒಟ್ಟಿಗೆ ಆರು ಜನ ನಕ್ಕಿದ್ದಿಲ್ಲ. ಅವನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಡ್ರಾಫ್ಟ್‌ನ ಮೂರನೇ ದಿನ, ಶನಿವಾರ. ಬೆಳಿಗ್ಗೆ ಬರ್ನಡೆಟ್ ಕರಾರು ಹಾಕಿದಳು.

"ರೀ, ಇವತ್ತು ಮಿಲಾಗ್ರೋಸಮ್ಮ ಊಟಕ್ಕೆ ಬರ್ತಾರೆ. ಚರ್ಚಿನ ಹಾಡಿನ ಗುಂಪಿಗೆ ಹೊಸದಾಗಿ ಸೇರಿದಾರಲ್ಲ, ರಾಚೆಸ್ಟರಿಂದ ಬಂದು ತಂಗಿ ಮನೇಲಿ ಇದಾರಲ್ಲ, ಅವರು. ನಿಮ್ಮ ಗದ್ದಲ ಏನಿದ್ರೂ ಗಸ್ ಅಂಗಡೀಲಿ ಇಟ್ಕೊಳ್ಳಿ. ಆ ಹಲಗೇನೂ ಎತ್ತಿಡಿ."

"ಎತ್ತಿಟ್ಟೆ ಅಂತಲೇ ತಿಳ್ಕೋ!" ಎಂದ ರಸ್ಸೆಲ್.

ಅವಳು ಹಾಗೆಯೇ ತಿಳಿದುಕೊಂಡು, ಅತಿಥಿಯನ್ನು ಕರೆತರಲು ಕಾರು ಹತ್ತಿದಳು. ಕಾರು ತಿರುವು ದಾಟಿತೋ ಇಲ್ಲವೋ, ಫೋನ್ ಬಂತು. ಕ್ಷೌರದ ಅಂಗಡಿಯ ಗಸ್ ಪಪ್ಪಸ್.

"ಲೋ ರಸ್ಸೆಲ್, ಅಂಗಡೀಲಿ ನೀರಿನ ಪೈಪ್ ಒಡೆದಿದೆ ಕಣೋ! ಪಾದ ಮುಳುಗೋಷ್ಟು ನೀರು. ಟಿವಿ ಎಲ್ಲಿ ನೋಡೋಣ?"

ರಸ್ಸೆಲ್ ಗಡಿಯಾರ ನೋಡಿದ. ಬರ್ನಡೆಟ್ ಬರಲು ಕನಿಷ್ಠ ನಲವತ್ತು ನಿಮಿಷ.

"ಬಾ. ಆರ್ಲೋನೂ ಕರ್ಕೊಂಡು ಬಾ. ಅರ್ಧ ಗಂಟೆ ಮಾತ್ರ!"

ಗಸ್ ಬಂದ, ಜೊತೆಗೆ ಒದ್ದೆ ಶೂ ಬಂತು. ಶಾಲಾ ಬಸ್ಸಿನ ಚಾಲಕ ಆರ್ಲೊ ಬಂದ, ಜೊತೆಗೆ ಎರಡು ಮೈಲಿ ಕೇಳುವ ಅವನ ಗಂಟಲು ಬಂತು. ನಾಲ್ಕನೇ ಸುತ್ತು ನಡೆಯುತ್ತಿತ್ತು. ಅರ್ಧ ಗಂಟೆಯೇನೋ ಮುಗಿಯಿತು, ವಾದ ಮುಗಿಯಲಿಲ್ಲ.

"ನಾನಾಗಿದ್ರೆ ಬ್ರಾಂಟ್ಲಿನ ತಗೋತಿದ್ದೆ" ಎಂದ ಗಸ್. "ಪಾದ ನೋಡು, ಎಷ್ಟು ಚುರುಕು!"

"ಬ್ರಾಂಟ್ಲಿ!" ರಸ್ಸೆಲ್‌ಗೆ ತಡೆಯಲಾಗಲಿಲ್ಲ. "ತಲೆ ಕೂದಲು ಕತ್ತರಿಸು ಅಂದ್ರೆ ಬುದ್ಧಿನೂ ಕತ್ತರಿಸ್ಕೊಂಡಿದೀಯಲ್ಲೋ! ಆ ಬೆಣ್ಣೆ ಮುದ್ದೆ ಹೇಗೆ ಬೀಳ್ತಾನೆ ಗೊತ್ತಾ?"

"ಹೇಗೆ ಬೀಳ್ತಾನೆ? ತೋರಿಸು!" ಆರ್ಲೊ ಕಿರುಚಿದ.

ಅರವತ್ತಾರು ವರ್ಷದ ಮನುಷ್ಯನಿಗೆ ಹೇಳಬಾರದ ಮಾತು ಅದು. ರಸ್ಸೆಲ್ ಸೋಫಾದ ದಿಂಬೊಂದನ್ನು ಅಂಗಿಯೊಳಗೆ ತುರುಕಿಕೊಂಡ. ಊಟದ ಕೋಣೆಗೆ ಬಂದು, ಕಾಲು ಅಗಲಿಸಿ ಬಗ್ಗಿ ನಿಂತ. ತುಟಿ ಮುಂದೆ ಮಾಡಿ ಕೂಸಿನ ದನಿ ತೆಗೆದ: "ಅಮ್ಮಾ! ತಳ್ತಾ ಇದಾನೆ ನೋಡಮ್ಮಾ!"

ಗಸ್ ನಗಲಿಲ್ಲ. ಆರ್ಲೊ ಕೂಡ ನಗಲಿಲ್ಲ. ಇಬ್ಬರೂ ರಸ್ಸೆಲ್‌ನ ಬೆನ್ನ ಹಿಂದಿನ ಬಾಗಿಲನ್ನೇ ನೋಡುತ್ತಿದ್ದರು. ತನ್ನ ಕಲೆಗೆ ಮೈಮರೆತಿದ್ದಾರೆ ಎಂದುಕೊಂಡ ರಸ್ಸೆಲ್, ಕೈಗಳನ್ನು ಗಾಳಿಯಲ್ಲಿ ತಿರುಗಿಸುತ್ತಾ ಹಿಂದಕ್ಕೆ ಎರಡು ಹೆಜ್ಜೆ ಇಟ್ಟ. ಮೂರನೆಯದು ಗಸ್‌ನ ಶೂ ಬಿಟ್ಟುಹೋದ ನೀರಿನ ಮೇಲೆ ಬಿತ್ತು.

ಅಲ್ಲಿಗೆ ಅಭಿನಯ ಮುಗಿದು ಸಹಜತೆ ಶುರುವಾಯಿತು!

ಅವನು ಬೀರುವಿಗೆ ಒರಗಿದ. ಬೀರು ಅವನಿಗೆ ಒರಗಿತು. ಗಾಜಿನ ಬಾಗಿಲು ತೆರೆದುಕೊಂಡು, ಬರ್ನಡೆಟ್‌ಳ ಅಮ್ಮ ಮದುವೆಗೆ ಕೊಟ್ಟ ನೀಲಿ ಅಂಚಿನ ತಟ್ಟೆಗಳು ಒಂದೊಂದಾಗಿ, ಸಾಲು ತಪ್ಪದೆ, ನೆಲಕ್ಕೆ ಇಳಿದವು. ಹನ್ನೊಂದು. ಹನ್ನೆರಡನೆಯದು ದಿಂಬಿನ ಮೇಲೆ ಬಿದ್ದು ಬದುಕಿಕೊಂಡಿತು.

ಬಾಗಿಲಲ್ಲಿ ಬರ್ನಡೆಟ್ ನಿಂತಿದ್ದಳು. ಅವಳ ಪಕ್ಕದಲ್ಲಿ ಎಪ್ಪತ್ತರ ಮೇಲಿನ ಒಬ್ಬ ಕುಳ್ಳ ಹೆಂಗಸು, ಬಾಳೆಹಣ್ಣಿನ ಪದರದ ನಡುವೆ ಖೀಮಾ ತುಂಬಿ ಬೇಯಿಸಿದ ಪಾತ್ರೆಯೊಂದನ್ನು ಎದೆಗೆ ಅವಚಿಕೊಂಡು ನಿಂತಿದ್ದರು.

"ರೀ," ಎಂದಳು ಬರ್ನಡೆಟ್. ಬಹಳ ಮೆಲ್ಲಗೆ ಎಂದಳು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಆ ಮೆಲುದನಿಯನ್ನು ರಸ್ಸೆಲ್ ಎರಡೇ ಸಲ ಕೇಳಿದ್ದ. "ಏನಿದು?"

"ಬ್ರಾಂಟ್ಲಿ ಬೀಳೋದನ್ನ ತೋರಿಸ್ತಿದ್ದೆ" ಎಂದ ರಸ್ಸೆಲ್, ನೆಲದಿಂದಲೇ.

ಮಿಲಾಗ್ರೋಸಮ್ಮ ಪಾತ್ರೆಯನ್ನು ಮೇಜಿನ ಮೇಲಿಟ್ಟರು. ಚೂರುಗಳನ್ನು ದಾಟಿ ಬಂದು ಅವನ ಮೇಲೆ ಬಗ್ಗಿದರು.

"ಅವನು ಹಾಗೆ ಬೀಳಲ್ಲ."

ಅಂಗಾತ ಬಿದ್ದಿದ್ದರೂ ರಸ್ಸೆಲ್ ಪಾಂಡಿತ್ಯ ಬಿಟ್ಟಿರಲಿಲ್ಲ. "ನಿಮಗೆ ಗೊತ್ತಿರಲ್ಲ ಬಿಡಿ ಅಮ್ಮಾ. ಆ ವಿಡಿಯೋನ ನಾನು ಇನ್ನೂರು ಸಲ ನೋಡಿದೀನಿ."

"ಇರಬಹುದಪ್ಪ. ಅವನಿಗೆ ನಡೆಯೋಕೆ ಕಲಿಸಿದ್ದು ನಾನು."

ಗಸ್ ಹೋಗಿ ಟಿವಿ ಆರಿಸಿದ. ಯಾರೂ ಹೇಳಿರಲಿಲ್ಲ.

ರಸ್ಸೆಲ್ ಎದ್ದು ಕೂತ. ಅಂಗಿಯೊಳಗಿನ ದಿಂಬನ್ನು ತೆಗೆಯಲು ಹೋದರೆ ಗುಂಡಿಗೆ ಸಿಕ್ಕಿಕೊಂಡು ಬರಲಿಲ್ಲ. ಆ ದೊಡ್ಡ ಹೊಟ್ಟೆ ಹೊತ್ತುಕೊಂಡೇ ನೋಡುತ್ತಿದ್ದ. ಅವರು ಹಲಗೆಯ ಮುಂದೆ ನಿಂತು ಕನ್ನಡಕ ಏರಿಸಿಕೊಂಡು, ಮೊದಲ ಸಾಲಿನಿಂದ ಓದುತ್ತಾ ಇಳಿಯುತ್ತಿದ್ದರು. ಹತ್ತು. ಇಪ್ಪತ್ತು. ಬೀರುವಿನ ಬದಲು ಈ ಹಲಗೆ ಬಿದ್ದು ಚೂರಾಗಬಾರದಿತ್ತೇ ದೇವರೇ! ಮೂವತ್ತೆಂಟನೇ ಸಾಲಿನಲ್ಲಿ ಅವರ ಬೆರಳು ನಿಂತಿತು.

"'ಮನೆಯವರು ಮುದ್ದು ಮಾಡಿ ಕೆಡಿಸಿದ್ದಾರೆ.' ಮನೆಯವರು ಅಂದ್ರೆ ನಾನೇ. ಅವನಮ್ಮ ರಾತ್ರಿ ಪಾಳಿ ಮಾಡೋಳು. ಬೇರೆ ಯಾರೂ ಇರಲಿಲ್ಲ."

ಅವರು ಹಲಗೆಯಿಂದ ಬೆರಳು ತೆಗೆದರು.

"ಈ ಬೆಣ್ಣೆ ಮುದ್ದೆ ಅನ್ನೋ ಮಾತು ನನಗೆ ಗೊತ್ತು. ಎಲಿಯೆಲ್ ಫೋನಲ್ಲಿ ತೋರಿಸಿದ್ದ. 'ನೋಡಜ್ಜಿ, ಜನ ನನಗೆ ಹೆಸರಿಟ್ಟಿದಾರೆ' ಅಂತ ನಕ್ಕ. ಆಮೇಲೆ ಎರಡು ದಿನ ಊಟ ಬಿಟ್ಟ. ಹಸಿವಿಲ್ಲ ಅಂದ. ಆ ಹುಡುಗನಿಗೆ ಹಸಿವಿಲ್ಲದ ದಿನ ನಾನು ನೋಡೇ ಇರಲಿಲ್ಲ." ಅವರು ತಿರುಗಿ ಗಸ್‌ನನ್ನು ನೋಡಿದರು, ಆರ್ಲೊನನ್ನು ನೋಡಿದರು. "ಅದನ್ನ ಬರೆದವರು ಯಾರು ಅಂತ ನಿಮಗೇನಾದ್ರೂ ಗೊತ್ತಾ?"

ಗಸ್ ಚಾವಣಿ ನೋಡಿದ. ಎರಡು ಮೈಲಿ ಕೇಳುವ ಗಂಟಲಿನ ಆರ್ಲೊ ನೆಲ ನೋಡಿದ. ಹೇಳದಿದ್ದರೆ ನಡೆದುಹೋಗುತ್ತಿತ್ತು, ಗುಂಪಿನಲ್ಲಿ ಓದಿದ ಮಾತನ್ನೇ ಹಲಗೆಗೆ ಇಳಿಸಿದೆ ಎಂದರೆ ಸಾಕಿತ್ತು. ಆ ಸುಳ್ಳು ರಸ್ಸೆಲ್‌ನ ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿ ಬರ್ನಡೆಟ್‌ಳ ಮುಖ ಕಂಡು ನಿಂತಿತು. ಅವಳು ತಟ್ಟೆಯ ಚೂರುಗಳನ್ನು ನೋಡುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು.

"ನಾನೇ ಅಮ್ಮಾ," ಎಂದ. "ನಾನೇ ಬರೆದದ್ದು. ಜನ ನಕ್ಕರು. ನನಗೆ ಖುಷಿ ಆಯ್ತು."

ಕಿವಿ ಸುಡುತ್ತಿತ್ತು. ಕತ್ತು, ಬೆನ್ನು, ಅಂಗೈ ಎಲ್ಲ ಸುಡುತ್ತಿತ್ತು. ನಲವತ್ತು ವರ್ಷ ಜನರ ಮನೆ ಬೆಚ್ಚಗೆ ಮಾಡಿದವನಿಗೆ ಈಗ ತನ್ನದೇ ಉರಿ ಆರಿಸುವ ಗುಂಡಿ ಎಲ್ಲಿದೆ ಎಂದು ತಿಳಿಯಲಿಲ್ಲ.

ಮಿಲಾಗ್ರೋಸಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು. "ಆ ವಿಡಿಯೋ ತೋರಿಸಿ" ಎಂದರು. "ಅವತ್ತು ಅವನು ತೋರಿಸಿದಾಗ ನನ್ನ ಹತ್ರ ಕನ್ನಡಕ ಇರಲಿಲ್ಲ. ಅವನ ಮುಖ ನೋಡಿದೆ, ಅಷ್ಟೇ."

ರಸ್ಸೆಲ್ ಫೋನ್ ಕೊಟ್ಟ. ಮಸುಕು ಮಸುಕು ಚಿತ್ರ. ಒಂದೇ ಬಣ್ಣದ ಅಂಗಿ ತೊಟ್ಟ ಇಬ್ಬರು ದಾಂಡಿಗರು ಎದುರುಬದುರಾಗಿ ನುಗ್ಗುತ್ತಾರೆ, ಒಬ್ಬ ಅಂಗಾತ. ಅವರು ಒಂದು ಸಲ ನೋಡಿದರು. ಇನ್ನೊಂದು ಸಲ ನೋಡಿದರು. ಹುಬ್ಬು ಮೇಲೇರಿತು.

"ಬಿದ್ದವನ ಎದೆಯ ಮೇಲೆ ಏನು ಬರೆದಿದೆ ಓದಿ."

ಗಸ್ ಇಣುಕಿದ. "ಎಪ್ಪತ್ತೇಳು."

"ನಮ್ಮ ಎಲಿಯೆಲ್ ಎಪ್ಪತ್ತೊಂದು."

"ಹಾಗಾದ್ರೆ... ಈ ವಿಡಿಯೋದಲ್ಲಿ ನಿಮ್ಮ ಮೊಮ್ಮಗ ಇಲ್ಲವೇ ಇಲ್ವಾ?" ರಸ್ಸೆಲ್ ಕೇಳಿದ. ಎಲ್ಲೋ ಸ್ವಲ್ಪ ಆಸೆಯಿತ್ತು ಆ ದನಿಯಲ್ಲಿ.

"ಇದಾನಲ್ಲಪ್ಪ. ಬೀಳಿಸಿದವನು!"

ಇನ್ನೂರು ಸಲ! ಇನ್ನೂರು ಸಲ ನೋಡಿದ್ದ ರಸ್ಸೆಲ್, ಬಿದ್ದವನನ್ನೇ ನೋಡಿದ್ದ. ಬೀಳಿಸಿದವನ ಕಡೆ ಒಮ್ಮೆಯೂ ಕಣ್ಣು ಹೋಗಿರಲಿಲ್ಲ. ಆರ್ಲೊ ಬಾಯಿ ತೆರೆದ, ಬರ್ನಡೆಟ್ ಅವನ ಕಡೆ ಒಂದು ನೋಟ ಬೀರಿದಳು, ಅವನು ಮುಚ್ಚಿಕೊಂಡ.

"ಆದ್ರೆ ಅವನು ಯಾಕೆ ಹೇಳಲಿಲ್ಲ, ಇದು ನಾನಲ್ಲ ಅಂತ?" ಎಂದು ಬರ್ನಡೆಟ್ ಕೇಳಿದಳು.

"ಹೇಳಿದ್ರೆ ಆ ಎಪ್ಪತ್ತೇಳರ ಹುಡುಗನ ಹೆಸರು ಬರ್ತಿತ್ತಲ್ಲ. ಅವನು ಇವನ ರೂಮ್‌ಮೇಟು."

ರಸ್ಸೆಲ್ ಎದ್ದು ಹೋಗಿ ಅಂಗೈಯಿಂದಲೇ ಮೂವತ್ತೆಂಟನೇ ಸಾಲನ್ನು ಒರೆಸಿದ. ಹಿಂದೆಯೇ ಮಾರ್ಕರ್ ಪೆನ್ನು ಹಿಡಿದು ಮೊದಲ ಸಾಲಿನಲ್ಲಿ ಬರೆಯಲು ಹೊರಟಾಗ ಮಿಲಾಗ್ರೋಸಮ್ಮ ತಡೆದರು. "ಬೇಡಪ್ಪ. ಒಂದನೇ ನಂಬರಿನ ಹುಡುಗನಿಗೂ ಒಬ್ಬಳು ಅಜ್ಜಿ ಇರ್ತಾಳೆ." ಆಗ ಅವನು ಪೂರ್ತಿ ಹಲಗೆಯನ್ನೇ ಒರೆಸಿದ. ಗುಂಪಿನಲ್ಲಿ ಬರೆದದ್ದನ್ನು ಅಳಿಸಿ, ಬರೆದವನು ಕುರುಡ, ಹೆಸರು ರಸ್ಸೆಲ್ ಹುಡಾಕ್, ಕ್ಷಮಿಸಿ ಎಂದು ಹಾಕಿದ. ಅದಕ್ಕೆ ಇಬ್ಬರೇ ಪ್ರತಿಕ್ರಿಯಿಸಿದರು. ಒಬ್ಬ ಗಸ್.

ಆಮೇಲೆ ಎಲ್ಲರೂ ಊಟಕ್ಕೆ ಕೂತರು. ಕಾಗದದ ತಟ್ಟೆಗಳಲ್ಲಿ! ಬದುಕುಳಿದ ಒಂದೇ ಪಿಂಗಾಣಿ ತಟ್ಟೆಯನ್ನು ಬರ್ನಡೆಟ್ ಅತಿಥಿಯ ಮುಂದಿಟ್ಟಳು. ಆಗ ಮಿಲಾಗ್ರೋಸಮ್ಮ ಹೇಳಿದರು: ರಾಚೆಸ್ಟರಿನಲ್ಲಿ ಮಗಳ ಮನೆಯಲ್ಲಿ ಇಪ್ಪತ್ತಾರು ಜನ ನೆಂಟರು ಟಿವಿ ಮುಂದೆ ಮೂರು ದಿನದಿಂದ ಕೂತಿದ್ದಾರೆ, ಹುಡುಗನ ಹೆಸರು ಬರುತ್ತಿಲ್ಲ, ಒಬ್ಬೊಬ್ಬರೂ ಒಂದೊಂದು ಕಾರಣ ಹೇಳುತ್ತಾರೆ, ನೋಡಲಾಗದು ಎಂದು ತಾನು ಅಲ್ಲಿಗೆ ಹೋಗದೆ ಇಲ್ಲಿಗೆ ಬಂದದ್ದು. ಅವರು ಒಂದು ತುತ್ತೂ ಬಾಯಿಗಿಡದೆ ಫೋನನ್ನೇ ನೋಡುತ್ತಿರುವುದನ್ನು ರಸ್ಸೆಲ್ ಆಗ ಕಂಡ.

ಆರನೇ ಸುತ್ತಿನ ಹೊತ್ತಿಗೆ ಅವರ ಫೋನ್ ಬಡಿದುಕೊಂಡಿತು. ಅವರು ಅದನ್ನು ಮೇಜಿನ ಮೇಲೆಯೇ ಇಟ್ಟು ಸ್ಪೀಕರ್ ಒತ್ತಿದರು.

"ಅಜ್ಜೀ! ತಗೊಂಡ್ರು ಅಜ್ಜೀ! ಕರೆ ಬಂತು!"

ಹುಡುಗ ತಂಡದ ಹೆಸರು ಹೇಳಿದ. ಆ ಹೆಸರನ್ನು ಹುಡಾಕರ ಮನೆಯಲ್ಲಿ ನಲವತ್ತು ವರ್ಷದಿಂದ ಯಾರೂ ಗಟ್ಟಿಯಾಗಿ ಉಚ್ಚರಿಸಿದ್ದಿಲ್ಲ. ಕಡುವೈರಿ ತಂಡ! ಪ್ರತಿ ವರ್ಷ ಎರಡೆರಡು ಸಲ ಎದುರು ಬಂದು ಬಡಿದು ಹೋಗುವ ತಂಡ! ಇನ್ನು ಹತ್ತು ವರ್ಷ ಈ ಹುಡುಗ ತನ್ನವರನ್ನು ಅಂಗಾತ ಕೆಡವುವುದು ಕಣ್ಣಿಗೆ ಕಟ್ಟಿತು. ಆದರೂ ರಸ್ಸೆಲ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಗಸ್ ತಟ್ಟಿದ. ಆರ್ಲೊ ಕಿಟಕಿ ನಡುಗುವಂತೆ ಸಿಳ್ಳೆ ಹೊಡೆದ. ಬರ್ನಡೆಟ್ ಮಿಲಾಗ್ರೋಸಮ್ಮನನ್ನು ತಬ್ಬಿಕೊಂಡು ಅತ್ತಳು.

"ಅಜ್ಜಿ, ಅದೇನು ಅಷ್ಟು ಸದ್ದು? ಎಲ್ಲಿದೀಯ?"

"ಗೆಳತಿ ಮನೇಲಿ ಮಗಾ. ಊಟ ಮಾಡ್ತಿದೀವಿ."

"ಯಾರಾದ್ರೂ ಫುಟ್‌ಬಾಲ್ ಪಂಡಿತರು ನಿನ್ನ ತಲೆ ತಿಂತಿಲ್ಲ ತಾನೇ? ಅದೊಂದೇ ಯೋಚನೆ ಆಗಿತ್ತು ನನಗೆ."

ಮಿಲಾಗ್ರೋಸಮ್ಮ ಕಣ್ಣೊರೆಸಿಕೊಂಡು ಸುತ್ತ ನೋಡಿದರು. ಗಸ್‌ನನ್ನು ನೋಡಿದರು, ಆರ್ಲೊನನ್ನು ನೋಡಿದರು. ಕೊನೆಗೆ, ಹೊಟ್ಟೆಯ ಮೇಲೆ ಇನ್ನೂ ದಿಂಬು ಹೊತ್ತು ನಿಂತಿದ್ದ ರಸ್ಸೆಲ್‌ನನ್ನು ಬಹಳ ಹೊತ್ತು ನೋಡಿದರು.

"ಇಲ್ಲ ಕಂದಾ, ನೀನು ನಿಶ್ಚಿಂತೆಯಾಗಿರು," ಎಂದರು. "ಇಲ್ಲಿ ಫುಟ್‌ಬಾಲ್ ಗೊತ್ತಿರೋರು ಒಬ್ಬರೂ ಇಲ್ಲ."